ನಂದಿ ಬೆಟ್ಟದ ಕೆಂಪು ವೈನ್‌ಗೆ ಮುಂಬಯಿ ನಂಟು

ಫೋರ್ಟ್‌ನಿಂದ ಥಾಣೆ, ಕಲ್ಯಾಣದವರೆಗೆ ಪರ್ಮಿಟ್ ರೂಮ್ ಹಾಗೂ ಬಾರ್ ಆಂಡ್ ರೆಸ್ಟೋರೆಂಟ್‌ಗಳ ಗಲ್ಲಾದಲ್ಲಿ ಕುಳಿತವರಲ್ಲಿ ನಮ್ಮ ತುಳು-ಕನ್ನಡಿಗರ ಸಂಖ್ಯೆ ದೊಡ್ಡದು. ಅಲ್ಲಿನ ಕಪಾಟಿನಲ್ಲಿ ನಾಸಿಕ್‌ನ ಬಾಟಲಿಗಳ ನಡುವೆ ಗ್ರೋವರ್ ಹೆಸರಿನ 'ಲಾ ರಿಸರ್ವ್' ಕೆಂಪು ವೈನ್ ಕಂಡರೆ, ಅದರ ಹುಟ್ಟೂರು ದೊಡ್ಡಬಳ್ಳಾಪುರ ಎಂದು ತಿಳಿದವರು ಕಡಿಮೆ. ಆ ತೋಟ ಹಾಕಿದವರು ಮುಂಬಯಿಯ ಉದ್ಯಮಿ ಎಂಬುದಂತೂ ಹೆಚ್ಚಿನವರಿಗೆ ಹೊಸ ಸುದ್ದಿ.

ಕನ್ವಲ್ ಗ್ರೋವರ್ ಅವರದ್ದು ಫ್ರಾನ್ಸ್‌ನಿಂದ ಯಂತ್ರೋಪಕರಣ ತರಿಸುವ ವ್ಯವಹಾರ. ಅಲ್ಲಿಗೆ ಹೋಗಿ ಬರುತ್ತ ವೈನ್‌ನ ರುಚಿ ಹತ್ತಿತು. ನಮ್ಮಲ್ಲಿ ಆಗ ವೈನ್ ಎಂದರೆ ಸಿಹಿ 'ಪೋರ್ಟ್'. ಇಂಥದ್ದನ್ನು ಇಲ್ಲೇಕೆ ಮಾಡಬಾರದು ಎಂದು ಅವರು ಶಾಂಪೇನ್ ಪ್ರಾಂತ್ಯದ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದರು. ಫ್ರಾನ್ಸ್‌ನ ಹತ್ತಾರು ತಳಿಗಳ ಬಳ್ಳಿ ನೆಟ್ಟು ವರ್ಷಗಟ್ಟಲೆ ಪರೀಕ್ಷೆ ನಡೆಯಿತು. ಕೊನೆಗೆ 1988ರಲ್ಲಿ ನಂದಿ ಬೆಟ್ಟದ ಬುಡದಲ್ಲಿ ಸುಮಾರು 40 ಎಕ್ರೆಯಲ್ಲಿ ತೋಟ ಎದ್ದಿತು. ಬಾಟಲಿ ಮಾರುಕಟ್ಟೆಗೆ ಬರುವಾಗ 1990ರ ದಶಕ. ಇಷ್ಟು ವರ್ಷ ಖರ್ಚು ಮಾತ್ರ, ಆದಾಯ ಇಲ್ಲ ಎಂದು ಸಾಲದ ಅರ್ಜಿಯಲ್ಲಿ ಬರೆದರೆ ಯಾವ ಮ್ಯಾನೇಜರ್ ಸಹಿ ಹಾಕಿಯಾರು?

ದ್ರಾಕ್ಷಿ ಆ ಸೀಮೆಗೆ ಹೊಸತಲ್ಲ. ಬೆಂಗಳೂರು ಬ್ಲೂ ಎಂಬ ಕಪ್ಪು ದ್ರಾಕ್ಷಿ ಅಲ್ಲಿನ ರೈತರ ಹಳೆಯ ಬೆಳೆ, 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಲಾ ರಿಸರ್ವ್‌ಗೆ ಬಳಸುವುದು ಕೆಬರ್ನೆ ಸೊವಿನ್ಯೊ ಮತ್ತು ಶಿರಾಜ್ ಎಂಬ ಸಣ್ಣ ಕಾಯಿಯ, ದಪ್ಪ ಸಿಪ್ಪೆಯ ತಳಿಗಳನ್ನು. ಸಿಪ್ಪೆ ಸಮೇತ ಹುಳಿ ಬರಿಸುವುದರಿಂದಲೇ ಕೆಂಪು ಬಣ್ಣ, ಒಗರು ಎರಡೂ ಬರುತ್ತವೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ವಾಸ. ಯುರೋಪಿನಲ್ಲಿ ಚಳಿಗೆ ಬಳ್ಳಿ ತಾನಾಗಿ ಮಲಗುತ್ತದೆ. ನಮ್ಮಲ್ಲಿ ಮಲಗುವುದಿಲ್ಲ, ಹಾಗಾಗಿ ವರ್ಷಕ್ಕೆ ಎರಡು ಬಾರಿ ಸವರಬೇಕು. ಮಳೆಗಾಲ ಕಳೆದು ಹಣ್ಣು ಕಟ್ಟಿ, ಬೇಸಗೆಯ ಹೊಸ್ತಿಲಲ್ಲಿ ಕೊಯ್ಲು. ಬೆಟ್ಟದ ಸೀಮೆಯ ತಂಪು ರಾತ್ರಿ ಇದಕ್ಕೆ ಆಸರೆ.

1990ರ ದಶಕದಲ್ಲಿ ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾಗಿ ಸೇರಿದರು. 2005ರಲ್ಲಿ ಇಂಗ್ಲೆಂಡಿನ 'ಡಿಕ್ಯಾಂಟರ್' ಪತ್ರಿಕೆ ಲಾ ರಿಸರ್ವ್ ಅನ್ನು ಯುರೋಪಿನ ಹೊರಗಿನ ಉತ್ತಮ ಕೆಂಪು ವೈನ್ ಎಂದು ಆರಿಸಿತು. ಕನ್ನಡ ನೆಲಕ್ಕೆ ಸಂದ ಈ ಮನ್ನಣೆ ನಮ್ಮಲ್ಲಿ ಆಗಬೇಕಾದಷ್ಟು ಸುದ್ದಿಯಾಗಲಿಲ್ಲ.

ಲೆಕ್ಕದ ಕಷ್ಟ ಬೇರೆಯೇ ಇತ್ತು. 2001ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯದ ವೈನ್‌ಗೆ ಅಬಕಾರಿ ಸುಂಕದ ರಿಯಾಯಿತಿ ಕೊಟ್ಟಿತು, ನಾಸಿಕ್ ಮುಂದೆ ಹೋಯಿತು. ಕರ್ನಾಟಕದ ವೈನ್ ನೀತಿ ಬಂದದ್ದು 2007ರಲ್ಲಿ. ಮುಂಬಯಿಯ ಮಾಲೀಕರ ವೈನ್ ಮುಂಬಯಿಯಲ್ಲೇ ಹೊರರಾಜ್ಯದ ಸರಕಾಯಿತು! 2012ರಲ್ಲಿ ಗ್ರೋವರ್ ಸಂಸ್ಥೆ ನಾಸಿಕ್ ಜಿಲ್ಲೆಯ ವ್ಯಾಲಿ ಡಿ ವಿನ್ ಜತೆ ವಿಲೀನವಾಗಿ ಗ್ರೋವರ್ ಝಂಪಾ ಆಯಿತು. ಹೊರಗಿನ ಹೂಡಿಕೆದಾರರೂ ಬಂದರು. ಇಂದು ಅದನ್ನು ಬರೇ ಒಂದು ಮನೆತನದ ತೋಟ ಎನ್ನುವಂತಿಲ್ಲ, ಆದರೆ ಬಾಟಲಿಯ ಮೇಲೆ ಹೆಸರು ಉಳಿದಿದೆ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಭಾಗದ ಭೂಮಿಗೆ ಚಿನ್ನದ ಬೆಲೆ. ಅಂಥಲ್ಲಿ ಬಳ್ಳಿ ಉಳಿಸಿಕೊಳ್ಳುವುದೂ ಸಣ್ಣ ಮಾತಲ್ಲ.

ಪೋರ್ಟ್‌ನ ಸಿಹಿ ನಿರೀಕ್ಷಿಸಿ ಕುಡಿದವರು ಮೊದಲ ಗುಟುಕಿಗೆ ಮುಖ ಹಿಂಡುವುದುಂಟು. ಕುರಿ ಮಾಂಸದ ಸುಕ್ಕದಂಥ ಖಾರದ ಊಟದ ಜತೆ ಕೊಟ್ಟರೆ ಒಗರು ಹಿತವೆನಿಸುತ್ತದೆ. ಹೊಟೇಲು ಬಂಧುಗಳು ಗಮನಿಸಬೇಕಾದ್ದು ಇನ್ನೊಂದಿದೆ. ಕೆಂಪು ವೈನ್ ಕೋಣೆಯ ಬಿಸಿಯಲ್ಲಿರಲಿ ಎಂಬ ಮಾತು ಯುರೋಪಿನ ಕೋಣೆಗೆ ಹೇಳಿದ್ದು, ಸುಮಾರು 18 ಡಿಗ್ರಿ. ಮುಂಬಯಿಯ ಮೇ ತಿಂಗಳಲ್ಲಿ ಬಡಿಸುವ ಮೊದಲು ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ.