ಗಡಿಯಲ್ಲಿ ಗಿರಾಕಿ ಕರೆಯುವ ರೇಡಿಯೋ
ಇಪ್ಪತ್ತು ಸೆಕೆಂಡಿನ ಕನ್ನಡ ಜಾಹೀರಾತು: ಅಂಗಡಿಗೂ ಲಾಭ, ಭಾಷೆಗೂ ಜಾಗ

ಸೋಲಾಪುರ: ಬೀಡಿ ಕಟ್ಟುವವರ ಕೈಗೆ ಪುರುಸೊತ್ತಿಲ್ಲ. ಕಣ್ಣು ಎಲೆಯ ಮೇಲೆ, ಬೆರಳು ದಾರದ ಮೇಲೆ. ಪೇಪರ್ ಹಿಡಿಯಲು ಆಗುವುದಿಲ್ಲ. ಟಿವಿ ನೋಡುತ್ತ ಕುಳಿತರೆ ಸಂಜೆಗೆ ಕಟ್ಟು ಕಡಿಮೆ ಬೀಳುತ್ತದೆ. ಖಾಲಿ ಇರುವುದು ಕಿವಿಯೊಂದೇ. ಆ ಕಿವಿಗೆ ಹಾಡಿನ ಜೊತೆ ಪಕ್ಕದ ಓಣಿಯ ಅಂಗಡಿಯ ಹೆಸರನ್ನೂ ಮುಟ್ಟಿಸುವ ಸಾಧನ ರೇಡಿಯೋ.

ಹೊಲಿಗೆ ಮಷೀನ್ ಮುಂದೆ ಕುಳಿತ ಟೇಲರ್, ಪಾನ್ ಅಂಗಡಿಯವರು, ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ತಾಯಂದಿರು, ದಾಳಿಂಬೆ ತೋಟದ ಕೂಲಿಕಾರರು, ಟೆಂಪೊ ಚಾಲಕರು ಎಲ್ಲರದೂ ಇದೇ ಕತೆ. ಕೈ, ಕಣ್ಣು ಎರಡನ್ನೂ ಕೆಲಸಕ್ಕೆ ಒಪ್ಪಿಸಿದವರೇ ರೇಡಿಯೋದ ಗಟ್ಟಿ ಕೇಳುಗರು. ಸಣ್ಣ ಅಂಗಡಿಕಾರರ ಖಾಯಂ ಗಿರಾಕಿಗಳೂ ಇವರೇ! ಆದರೂ ಗಡಿ ಭಾಗದ ವ್ಯಾಪಾರಿಗಳಿಗೆ ಜಾಹೀರಾತು ಎಂದರೆ ಮೊದಲು ನೆನಪಾಗುವುದು ಫ್ಲೆಕ್ಸ್, ಆಮೇಲೆ ಪೇಪರಿನಲ್ಲಿಟ್ಟು ಹಂಚುವ ಪಾಂಪ್ಲೆಟ್, ಜಾತ್ರೆ ಬಂದರೆ ಆಟೊದ ಮೇಲೆ ಮೈಕು. ರೇಡಿಯೋ ಎಂದರೆ "ಅದೆಲ್ಲ ದೊಡ್ಡ ಕಂಪನಿಯವರದು" ಅಂತ ಕೈಬಿಡುವವರೇ ಹೆಚ್ಚು.

ಓದಲು ಬಾರದಿದ್ದರೂ ಕೇಳಲು ಬರುತ್ತದೆ

ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ಮನೆಯ ಮಾತು ಕನ್ನಡ, ಶಾಲೆಯ ಅಕ್ಷರ ಮರಾಠಿ. ಕನ್ನಡ ಶಾಲೆಗಳು ಇವೆ, ಮಕ್ಕಳೂ ಕಲಿಯುತ್ತಿದ್ದಾರೆ. ಆದರೆ ಮರಾಠಿ ಮಾಧ್ಯಮದಲ್ಲಿ ಓದಿದ ಕನ್ನಡಿಗರ ಸಂಖ್ಯೆಯೂ ಸಣ್ಣದಲ್ಲ. ಅವ್ವನ ಜೊತೆ ಕನ್ನಡದಲ್ಲೇ ಜಗಳ ಆಡುವ ಹುಡುಗ ಕನ್ನಡ ಬೋರ್ಡ್ ಮುಂದೆ ಮಾತ್ರ ಸುಮ್ಮನೆ ನಿಲ್ಲುತ್ತಾನೆ.

ಇಂಥ ಕಡೆ ಕನ್ನಡದ ಫ್ಲೆಕ್ಸ್ ಅರ್ಧ ಜನಕ್ಕೆ ಮುಟ್ಟುವುದಿಲ್ಲ. ಮರಾಠಿ ಫ್ಲೆಕ್ಸ್ ತಲೆಗೆ ಮುಟ್ಟುತ್ತದೆ, ಮನಸ್ಸಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಇಂಡಿ, ಚಡಚಣ, ಆಳಂದ, ಅಫಜಲಪುರ ಕಡೆಯಿಂದ ಗಡಿ ದಾಟಿ ಬಜಾರಕ್ಕೆ ಬರುವವರಲ್ಲಿ ಮರಾಠಿ ಬೋರ್ಡ್ ಓದಲು ತಡವರಿಸುವವರೂ ಇದ್ದಾರೆ. ಧ್ವನಿಗೆ ಈ ಅಡ್ಡಿ ಇಲ್ಲ. ಲಿಪಿ ಯಾವುದೇ ಇರಲಿ, ಕಿವಿಗೆ ಬಿದ್ದ ಮಾತು ಕನ್ನಡವಾದರೆ ಸಾಕು, ಗಿರಾಕಿಗೆ ಅದು ತನ್ನದೇ ಅನ್ನಿಸುತ್ತದೆ. ಗಡಿ ಭಾಗದಲ್ಲಿ ರೇಡಿಯೋ ಜಾಹೀರಾತಿನ ನಿಜವಾದ ಬೆಲೆ ಇರುವುದು ಇಲ್ಲೇ.

ಮುಂಬೈನಿಂದ ಓಣಿಯವರೆಗೆ

ಆಕಾಶವಾಣಿಯ ವಿವಿಧ ಭಾರತಿಯಲ್ಲಿ ಜಾಹೀರಾತು ಪ್ರಸಾರ ಶುರುವಾಗಿದ್ದು 1967ರ ನವೆಂಬರ್ 1ರಂದು. ಅದೂ ಮಹಾರಾಷ್ಟ್ರದ ಮುಂಬೈ, ಪುಣೆ, ನಾಗಪುರದಿಂದಲೇ. ಆಗ ಸೋಪು, ಟೂತ್‌ಪೇಸ್ಟು, ತಲೆನೋವಿನ ಮಾತ್ರೆಗಳದೇ ಕಾರುಬಾರು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಬಂತು. 2005ರ ಹೊಸ ನೀತಿಯ ನಂತರ ಸೋಲಾಪುರ, ಕಲಬುರಗಿಯಂಥ ಊರುಗಳಿಗೂ ಖಾಸಗಿ ಎಫ್‌ಎಂ ಕಾಲಿಟ್ಟಿತು. ಪಕ್ಕದ ಓಣಿಯ ಚಿನ್ನದಂಗಡಿ, ಕೋಚಿಂಗ್ ಕ್ಲಾಸ್, ಫರ್ನಿಚರ್ ಅಂಗಡಿ ರೇಡಿಯೋದಲ್ಲಿ ಕೇಳತೊಡಗಿದ್ದು ಆಗ.

ಎಫ್‌ಎಂ ಅಲೆ ಬಹಳ ದೂರ ಹೋಗುವುದಿಲ್ಲ. ಕೆಲವು ಹತ್ತು ಕಿಲೋಮೀಟರ್ ದಾಟಿದರೆ ಕರಕರ ಶಬ್ದವೇ ಗತಿ. ಕೇಳುಗರಿಗೆ ಇದು ತೊಂದರೆ, ವ್ಯಾಪಾರಿಗೆ ಮಾತ್ರ ಅನುಕೂಲ. ಅಕ್ಕಲಕೋಟೆಯ ಬಟ್ಟೆ ಅಂಗಡಿಗೆ ನಾಶಿಕದ ಕೇಳುಗರು ಯಾಕೆ ಬೇಕು? ಬಸ್ಸಿನಲ್ಲಿ ಒಂದು ತಾಸಿನೊಳಗೆ ಬರಬಲ್ಲವರ ಕಿವಿಗೆ ಬಿದ್ದರೆ ಸಾಕು. ರಾಜ್ಯವಿಡೀ ನೋಡುವ ಚಾನೆಲ್‌ಗೆ ಕೊಟ್ಟ ಹಣದಲ್ಲಿ ಬಹುಪಾಲು ಎಂದೂ ಅಂಗಡಿಗೆ ಬಾರದವರ ಮೇಲೆ ಖರ್ಚಾಗುತ್ತದೆ. ಸ್ಥಳೀಯ ಕೇಂದ್ರದಲ್ಲಿ ಆ ಪೋಲು ಕಡಿಮೆ.

ಲೆಕ್ಕ ಹಾಕಿ ನೋಡಿದರೆ...

ದರ ಊರಿನಿಂದ ಊರಿಗೆ, ಹೊತ್ತಿನಿಂದ ಹೊತ್ತಿಗೆ ಬೇರೆ. ಒಂದು ಅಂದಾಜಿಗೆ ಸಮುದಾಯ ರೇಡಿಯೋ ದರ ಹಿಡಿಯಬಹುದು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಇಂಥ ಕೇಂದ್ರಗಳ ಜಾಹೀರಾತು ದರವನ್ನು 10 ಸೆಕೆಂಡ್‌ಗೆ 52 ರೂ.ಗಳಿಂದ 74 ರೂ.ಗೆ ಏರಿಸಿತು. ತಾಸಿಗೆ 7 ನಿಮಿಷ ಇದ್ದ ಜಾಹೀರಾತಿನ ಮಿತಿಯನ್ನು 12 ನಿಮಿಷ ಮಾಡಿತು.

ಈ ದರದಲ್ಲಿ 20 ಸೆಕೆಂಡಿನ ಒಂದು ಜಾಹೀರಾತಿಗೆ 148 ರೂ. ದಿನಕ್ಕೆ ನಾಲ್ಕು ಸಲ ಬಂದರೆ 592 ರೂ. ಹದಿನೈದು ದಿನಕ್ಕೆ 8,880 ರೂ. ಅರವತ್ತು ಸಲ ಅಂಗಡಿಯ ಹೆಸರು ಊರಿನ ಕಿವಿಗೆ ಬಿತ್ತು. ಲಗ್ನಸರಾಯಿಯಲ್ಲಿ ನಾಲ್ಕು ಮನೆಯವರು ಬಸ್ತಾ ಕಟ್ಟಿಸಿದರೂ ಹಾಕಿದ ದುಡ್ಡು ವಾಪಸ್ ಬರಬಹುದು. ಖಾಸಗಿ ಕೇಂದ್ರದ ದರ ಬೇರೆ ಇರುತ್ತದೆ, ಲೆಕ್ಕ ಹಾಕುವ ರೀತಿ ಮಾತ್ರ ಇದೇ.

ಬೆಂಗಳೂರು ಕನ್ನಡ ಬೇಡ್ರಿ!

ದುಡ್ಡು ಕೊಟ್ಟ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಹತ್ತು ಸೆಕೆಂಡಿನಲ್ಲಿ ಹಿಡಿಯುವುದು ಇಪ್ಪತ್ತು, ಇಪ್ಪತ್ತೈದು ಶಬ್ದ. ಅದರಲ್ಲೇ ಮಾಲೀಕರ ಹೆಸರು, ಅಂಗಡಿ ಹುಟ್ಟಿದ ವರ್ಷ, ಎರಡು ಫೋನ್ ನಂಬರು, ಗಣ್ಯರ ಶುಭಾಶಯ ಎಲ್ಲ ತುರುಕಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಬೀಡಿ ಕಟ್ಟುವವರು ಫೋನ್ ನಂಬರ್ ಬರೆದುಕೊಳ್ಳಲು ಏಳುವುದಿಲ್ಲ. ಬಸ್ ಸ್ಟ್ಯಾಂಡ್ ಹಿಂದೆ ಎಂಬ ಗುರುತು ನೆನಪಿಡುತ್ತಾರೆ.

ಭಾಷೆಯೂ ಅಷ್ಟೇ ಮುಖ್ಯ. ಸ್ಟುಡಿಯೋದಲ್ಲಿ ತಯಾರಾದ "ಇಂದೇ ಭೇಟಿ ನೀಡಿ" ಎಂಬ ಕನ್ನಡ ಈ ಭಾಗದಲ್ಲಿ ನೆಂಟರ ಮನೆಗೆ ಬಂದ ಸಾಹೇಬರ ಹಾಗೆ ದೂರವೇ ನಿಲ್ಲುತ್ತದೆ. ಇಲ್ಲಿಯ ಮಾತಿನಲ್ಲಿ ಹೀಗೆ ಹೇಳಿದರೆ?

"ಕಾಕಾ, ಎಲ್ಲಿಗಿ ಹೊಂಟ್ರಿ?"
"ಮಗಳ ಲಗ್ನ ಐತಲ್ಲೋ, ಬಸ್ತಾ ತರಾಕ ಹೊಂಟೀನಿ."
"ದೂರ ಯಾಕ್ರಿ? ಬಸ್ ಸ್ಟ್ಯಾಂಡ್ ಹಿಂದ, ಬೇವಿನ ಗಿಡದ ಬಾಜೂಕ ಐತಿ ನೋಡ್ರಿ ನಮ್ಮ ಅಂಗಡಿ!"

ಇದರಲ್ಲಿ ಮರಾಠಿಯ ಬಸ್ತಾ ಇದೆ, ಬಾಜೂ ಇದೆ, ಆದರೂ ಅಚ್ಚ ಗಡಿ ಕನ್ನಡ. ಕೇಳಿದವರು ಇದು ನಮ್ಮೂರಿನ ಮಾತು ಅಂದುಕೊಳ್ಳುತ್ತಾರೆ. ಇದರ ಹಿಂದೆಯೇ ಅದೇ ಮಾತು ಮರಾಠಿಯಲ್ಲಿ ಬಂದರೆ ಇನ್ನೂ ಒಳ್ಳೆಯದು. ಎರಡು ಭಾಷೆಯ ಬಜಾರಿನಲ್ಲಿ ವ್ಯಾಪಾರಿಗೆ ಇಬ್ಬರೂ ಬೇಕಲ್ಲ!

ಯಾರ ಲೆಕ್ಕದಲ್ಲೂ ಇಲ್ಲದ ಕಿವಿ

ರೇಡಿಯೋ ಕೇಳುಗರನ್ನು ಎಣಿಸುವ 'ರ‍್ಯಾಮ್' ಎಂಬ ಸಮೀಕ್ಷೆ 2007ರಲ್ಲಿ ಶುರುವಾದಾಗ ಮುಂಬೈ, ದೆಹಲಿ, ಬೆಂಗಳೂರು ಅದರಲ್ಲಿದ್ದವು. ಆಮೇಲೆ ಕೋಲ್ಕತ್ತ ಸೇರಿತು. ದೊಡ್ಡ ಕಂಪನಿಗಳು ಇಂಥ ಅಂಕಿ ನೋಡಿಯೇ ಹಣ ಹಂಚುವುದು. ಸೋಲಾಪುರದಂಥ ಊರೇ ಆ ಲೆಕ್ಕದಲ್ಲಿ ಇರಲಿಲ್ಲ ಎಂದ ಮೇಲೆ ಅಲ್ಲಿಯ ಕನ್ನಡ ಕಿವಿಯನ್ನು ಎಣಿಸುವವರು ಯಾರು?

ಸಮಸ್ಯೆಯ ಬೇರು ಇಲ್ಲಿದೆ. ಕೇಂದ್ರ ನಡೆಯುವುದು ಜಾಹೀರಾತಿನಿಂದ. ಹಣವೆಲ್ಲ ಪುಣೆ, ಮುಂಬೈ ಕಂಪನಿಗಳಿಂದಲೇ ಬಂದರೆ ಮಾತೂ ಆ ಕಡೆಯದೇ ಆಗುತ್ತದೆ. ಮರಾಠಿ, ಹಿಂದಿ ಹಾಡುಗಳ ನಡುವೆ ಕನ್ನಡದ ಒಂದು ಹಾಡು ಕೇಳಬೇಕೆಂದರೆ ಬರೀ ಮನವಿ ಪತ್ರ ಸಾಲದು. ಅಕ್ಕಲಕೋಟೆಯ ಹತ್ತು ಅಂಗಡಿಗಳು ಕನ್ನಡ ಜಾಹೀರಾತು ತೆಗೆದುಕೊಂಡು ಹೋದರೆ ಕೇಂದ್ರದವರು ಸಮಯ ಹುಡುಕುತ್ತಾರೆ. ಕನ್ನಡ ಜಾಹೀರಾತು ಬಂದ ಕಡೆ ಕನ್ನಡ ಹಾಡು ಬರಲು ದಾರಿಯಾಗುತ್ತದೆ, ಹಾಡಿನ ಹಿಂದೆ ಕನ್ನಡದ ನಿರೂಪಕ ಹುಡುಗ, ಹುಡುಗಿಯರಿಗೂ ಕೆಲಸ ಸಿಗಬಹುದು.

ಸಮುದಾಯ ರೇಡಿಯೋ ನಿಯಮಗಳಂತೂ ಇದಕ್ಕೆ ಹೇಳಿ ಮಾಡಿಸಿದಂತಿವೆ. 2006ರ ಮಾರ್ಗಸೂಚಿಯ ಪ್ರಕಾರ ಜಾಹೀರಾತು ಸ್ಥಳೀಯ ಕಾರ್ಯಕ್ರಮ, ಸ್ಥಳೀಯ ವ್ಯಾಪಾರ, ಸೇವೆ, ಉದ್ಯೋಗಕ್ಕೆ ಸಂಬಂಧಿಸಿರಬೇಕು. ಕನಿಷ್ಠ ಅರ್ಧ ಕಾರ್ಯಕ್ರಮ ಊರಿನಲ್ಲೇ ತಯಾರಾಗಬೇಕು, ಸಾಧ್ಯವಾದಷ್ಟೂ ಸ್ಥಳೀಯ ಭಾಷೆ, ಉಪಭಾಷೆಯಲ್ಲೇ ಇರಬೇಕು. ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ 'ಮಾಣದೇಶಿ ತರಂಗ', ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 'ಸಂಘಂ ರೇಡಿಯೋ' 2008ರಲ್ಲೇ ಶುರುವಾದವು. ಎರಡೂ ಬರದ ನಾಡಿನ ಕೇಂದ್ರಗಳೇ. ಅಲ್ಲಿ ಆದದ್ದು ಜತ್ತ, ಅಕ್ಕಲಕೋಟೆಯಲ್ಲಿ ಆಗಬಾರದೆಂದೇನಿಲ್ಲ. ಸಂಘ, ಸಂಸ್ಥೆಗಳು ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ತಿಂಗಳ ಖರ್ಚು ಹೊರಬೇಕಾದವರು ಮಾತ್ರ ಊರಿನ ಅಂಗಡಿಕಾರರು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿ ಈಚೆಯ ಬಾರ್ಶಿ, ಲಾತೂರ, ಉದಗೀರ ಇವೆ, ಆಚೆಯ ವಿಜಯಪುರ, ಬೀದರ ಇವೆ. ಮಾತೃಭಾಷೆಯ ಸ್ಥಳೀಯ ಕಾರ್ಯಕ್ರಮಕ್ಕೆ ಒತ್ತು ಸಿಗಲಿ ಎಂಬುದೂ ಇದರ ಉದ್ದೇಶ. ಗಡಿಯಲ್ಲಿ ಮಾತೃಭಾಷೆ ಒಂದೇ ಅಲ್ಲ ಎಂಬುದನ್ನು ಕೇಂದ್ರದವರಿಗೆ ನೆನಪಿಸಬೇಕಾದವರು ಇಲ್ಲಿಯ ವ್ಯಾಪಾರಿಗಳೇ.

ಜಾಹೀರಾತು ಕೊಡುವ ಮುನ್ನ

* ಹಂಗಾಮು ನೋಡಿ ಕೊಡಿ. ಹಿಂಗಾರಿ ಜೋಳದ ಬೀಜ ಮಾರುವವರು ಬಿತ್ತನೆಗೆ ಮೊದಲೇ ಮಾತಾಡಬೇಕು. ಬಟ್ಟೆಯವರಿಗೆ ಲಗ್ನಸರಾಯಿ, ದೀಪಾವಳಿ. ಸೋಲಾಪುರದವರಿಗೆ ಸಂಕ್ರಾಂತಿಯ ಸಿದ್ಧೇಶ್ವರ ಗಡ್ಡಾ ಯಾತ್ರೆ. ಪುಸ್ತಕದಂಗಡಿಗೆ ಜೂನ್.
* ಒಂದು ಜಾಹೀರಾತಿಗೆ ಒಂದೇ ಮಾತು. ಬೇಕಾದರೆ ಮುಂದಿನ ವಾರ ಇನ್ನೊಂದು.
* ಒಂದು ದಿನ ಇಪ್ಪತ್ತು ಸಲ ಬರುವುದಕ್ಕಿಂತ ಐದು ದಿನ ನಾಲ್ಕು ನಾಲ್ಕು ಸಲ ಬರುವುದು ಮೇಲು.
* ಯಾವ ಹೊತ್ತಿಗೆ ಬಂತು ಎಂಬ ಪಟ್ಟಿಯನ್ನು ಕೇಂದ್ರದಿಂದ ಕೇಳಿ ಪಡೆಯಿರಿ. ಬಿಲ್ ಕೊಡುವ ಮುನ್ನ ತಾಳೆ ನೋಡಿ.
* "ರೇಡಿಯೋ ಕೇಳಿ ಬಂದೀನಿ" ಅಂದವರಿಗೆ ಒಂದು ಸಣ್ಣ ಟವೆಲ್ ಕೊಡಿ, ಎಷ್ಟು ಟವೆಲ್ ಹೋದವು ಅಂತ ಕಿರ್ದಿಯಲ್ಲಿ ಬರೆದಿಡಿ. ಮುಂಬೈಯ ಸಮೀಕ್ಷೆಗೆ ಕಾಯಬೇಕಿಲ್ಲ.

ಆ ಟವೆಲ್ ಲೆಕ್ಕ ಬರೀ ಅಂಗಡಿಯ ಲೆಕ್ಕ ಅಲ್ಲ. ತಿಂಗಳ ಕೊನೆಗೆ ಆ ಪುಟ ಹಿಡಿದು ಕೇಂದ್ರದ ಬಾಗಿಲಿಗೆ ಹೋದರೆ, ಸೋಲಾಪುರದಲ್ಲಿ ಕನ್ನಡ ಕೇಳುವವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಕೈಯಲ್ಲಿ ಒಂದು ಉತ್ತರ ಇರುತ್ತದೆ.