ಉರಿದ ಇದ್ದಲು ಎಲ್ಲಿ ಹೋಯಿತು?

ಒಂದು ಬುಟ್ಟಿ ಇದ್ದಲು ಉರಿದ ಮೇಲೆ ಒಲೆಯಲ್ಲಿ ಉಳಿಯುವುದು ಹಿಡಿ ಬೂದಿ ಮಾತ್ರ. ಮಿಕ್ಕುದೆಲ್ಲ ಎಲ್ಲಿ ಹೋಯಿತೆಂದು ಮಕ್ಕಳು ಕೇಳಿದರೆ, ‘ಸುಟ್ಟುಹೋಯಿತು’ ಎಂದು ನಾವು ಸುಮ್ಮನಾಗುತ್ತೇವೆ. ಅವರ ಶಾಲಾಪುಸ್ತಕವಾದರೋ ರಾಸಾಯನಿಕ ಕ್ರಿಯೆಯಲ್ಲಿ ದ್ರವ್ಯರಾಶಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎನ್ನುತ್ತದೆ. ಮಗು ಯಾವುದನ್ನು ನಂಬಬೇಕು?

ಫ್ರಾನ್ಸಿನ ವಿಜ್ಞಾನಿ ಲಾವಾಸಿಯೆ ಇದಕ್ಕೆ ತಕ್ಕಡಿಯಿಂದಲೇ ಉತ್ತರ ಕಂಡನು. 1774ರಲ್ಲಿ ಆತನು ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿ ಭದ್ರವಾಗಿ ಮುಚ್ಚಿ ಕಾಯಿಸಿದನು. ತವರದ ಒಂದಂಶ ಬೂದಿಯಂತಹ ಪುಡಿಯಾಯಿತು. ಒಟ್ಟು ತೂಕ ಮಾತ್ರ ಬದಲಾಗಲಿಲ್ಲ. ಬಾಯಿ ತೆರೆದೊಡನೆ ಹೊರಗಿನ ಗಾಳಿ ಒಳನುಗ್ಗಿ ತೂಕ ಹೆಚ್ಚಿತು. ಒಳಗಿನ ಗಾಳಿಯ ಒಂದು ಭಾಗ ತವರದೊಡನೆ ಕೂಡಿಕೊಂಡಿತ್ತೆಂಬುದು ಹೀಗೆ ತಿಳಿಯಿತು.

ಇದ್ದಲೂ ಗಾಳಿಯೊಡನೆ ಕೂಡಿಯೇ ಉರಿಯುತ್ತದೆ. 12 ಗ್ರಾಂ ಇಂಗಾಲವು 32 ಗ್ರಾಂ ಆಮ್ಲಜನಕದೊಡನೆ ಸೇರಿ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಲೆಕ್ಕದಲ್ಲಿ ಒಂದು ಗ್ರಾಮೂ ತಪ್ಪದು. ಆ ಅನಿಲ ಕಾಣದಂತೆ ಗಾಳಿಯಲ್ಲಿ ಬೆರೆಯುತ್ತದೆ. ಬೂದಿಯೆಂಬುದು ಇದ್ದಲಿನಲ್ಲಿದ್ದ, ಉರಿಯದೆ ಉಳಿದ ಖನಿಜಾಂಶ.

ಕಣ್ಣಿಗೆ ಕಾಣದುದೆಲ್ಲ ಇಲ್ಲವಾದುದಲ್ಲ. ಇನ್ನು ಮುಂದೆ ಮಕ್ಕಳು ಕೇಳಿದಾಗ, ‘ಇದ್ದಲು ಗಾಳಿಯನ್ನು ಕೂಡಿಕೊಂಡು ಹೋಯಿತು’ ಎಂದು ಹೇಳೋಣ.