ಕಿಟಕಿಯಿಂದ ಊರು ಕಾಣಿಸಿದ ವಿಮಾನ

ನಕ್ಷೆಯ ಮೇಲೆ ಬೆಂಗಳೂರಿಗೂ ಹುಬ್ಬಳ್ಳಿಗೂ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಹಿರಿಯೂರಿನ ಪಕ್ಕದಲ್ಲೇ ಹಾದು, ಚಿತ್ರದುರ್ಗದ ಕೋಟೆಯನ್ನು ಬಲಕ್ಕೆ ಬಿಟ್ಟು ಮುಂದೆ ಸಾಗುತ್ತದೆ. ಹೊಸದುರ್ಗ, ಹೊಳಲ್ಕೆರೆ ಎಡಕ್ಕೆ ಉಳಿಯುತ್ತವೆ. ವಾಯುಮಾರ್ಗಗಳು ಅಡಿಪಟ್ಟಿಯಷ್ಟು ನೇರ ಇರುವುದಿಲ್ಲ, ನಿಜ. ಆದರೂ ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟ ವಿಮಾನಗಳಿಗೆ ದಾರಿಯಲ್ಲಿ ಸಿಗುವ ಜಿಲ್ಲೆ ಈ ಚಿತ್ರದುರ್ಗ. ಪ್ರಯಾಣಿಕರು ಹತ್ತಿ ಇಳಿಯುವ ವಿಮಾನ ನಿಲ್ದಾಣ ಇಲ್ಲಿ ಇಂದಿಗೂ ಇಲ್ಲ. ಹಾಗಿದ್ದರೂ ಹೊಲದಲ್ಲಿ ಕಳೆ ತೆಗೆಯುವವರು ಸದ್ದು ಕೇಳಿ ಹಣೆಗೆ ಕೈಯಡ್ಡ ಹಿಡಿದು ಮೇಲೆ ನೋಡುವುದು ತಲೆಮಾರುಗಳಿಂದ ನಡೆದುಬಂದಿದೆ.

ಜೆಟ್ ವಿಮಾನ ಬಂದ ಮೇಲೆ ಆ ನೋಟದಲ್ಲಿ ಸಿಗುವುದು ಒಂದು ಬಿಳಿ ಗೆರೆ ಮಾತ್ರ. ಅದಕ್ಕೂ ಮುಂಚೆ ರೆಕ್ಕೆ, ಬಾಲ, ತಿರುಗುವ ಫ್ಯಾನು ಎಲ್ಲವೂ ಬರಿಗಣ್ಣಿಗೆ ಕಾಣುವಷ್ಟು ಕೆಳಗೆ ಹಾರುವ ವಿಮಾನಗಳಿದ್ದವು. ಅವುಗಳಲ್ಲಿ ಕೊನೆಯವರೆಗೂ ಬಾಳಿದ್ದು ಆವ್ರೋ. ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಭಾರತದಲ್ಲಿ ಹಾರಿದ ಎಚ್‌ಎಸ್-748 ಮಾದರಿಯ ಈ ವಿಮಾನಕ್ಕೆ ವಾಯುಪಡೆ ಈಗ ಹಂತ ಹಂತವಾಗಿ ನಿವೃತ್ತಿ ಕೊಡುತ್ತಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಗತ್ತಿನ ತುಂಬ ಅಗ್ಗವಾಗಿ ಸಿಕ್ಕಿದ್ದು ಡಕೋಟ ವಿಮಾನ. ಭಾರತದ ವಿಮಾನ ಕಂಪನಿಗಳೆಲ್ಲ ಬೆಳೆದದ್ದೇ ಅದರ ಮೇಲೆ. 1950ರ ದಶಕದ ಕೊನೆಗೆ ಡಕೋಟಗಳಿಗೆ ವಯಸ್ಸಾಗಿತ್ತು. ಅವುಗಳ ಜಾಗ ತುಂಬಬಲ್ಲ ವಿಮಾನವೊಂದನ್ನು ಬ್ರಿಟನ್ನಿನ ಆವ್ರೋ ಕಂಪನಿ ರೂಪಿಸಿತು. ಅದು ಮೊದಲು ಹಾರಿದ್ದು 1960ರ ಜೂನ್ 24ರಂದು. ಆ ಹಾರಾಟಕ್ಕೂ ಮುಂಚೆಯೇ, 1959ರಲ್ಲಿ, ಭಾರತ ಅದನ್ನು ಇಲ್ಲೇ ತಯಾರಿಸುವ ಒಪ್ಪಂದ ಮಾಡಿಕೊಂಡಿತ್ತು. ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಹಟ, ಕಾನ್ಪುರದಲ್ಲಿ ವಾಯುಪಡೆಯ ತಾಂತ್ರಿಕ ಪಡೆಯನ್ನು ಕಟ್ಟಿದ ಹರ್ಜಿಂದರ್ ಸಿಂಗ್ ಅವರ ಛಲ ಎರಡೂ ಕೂಡಿ, 1961ರ ನವೆಂಬರ್ 1ರಂದು ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೋ ಆಕಾಶಕ್ಕೇರಿತು. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ವಾಯುಪಡೆಯ ಮುಖ್ಯಸ್ಥ ಸುಬ್ರತೋ ಮುಖರ್ಜಿ ಅವರ ನೆನಪಿಗೆ ಅದಕ್ಕೆ ‘ಸುಬ್ರತೋ’ ಎಂದು ಹೆಸರಿಟ್ಟರು. ಮುಂದೆ ಆ ಕಾರ್ಖಾನೆ ಎಚ್‌ಎಎಲ್‌ಗೆ ಸೇರಿತು. ಒಟ್ಟು 89 ಆವ್ರೋಗಳು ಅಲ್ಲಿ ತಯಾರಾದವು: 72 ವಾಯುಪಡೆಗೆ, 17 ಇಂಡಿಯನ್ ಏರ್‌ಲೈನ್ಸಿಗೆ.

ಮೈ ಕಾನ್ಪುರದ್ದಾದರೆ ಉಸಿರು ಬೆಂಗಳೂರಿನದು. ಆವ್ರೋದ ಎರಡು ರೋಲ್ಸ್ ರಾಯ್ಸ್ ಡಾರ್ಟ್ ಎಂಜಿನ್‌ಗಳನ್ನು ಪರವಾನಗಿ ಪಡೆದು ತಯಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗ. ಹಳತಾದವನ್ನು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ ಮತ್ತೆ ಹಾರಲು ಯೋಗ್ಯ ಮಾಡುವ ಕೆಲಸವೂ ಅಲ್ಲಿಯದೇ. ಐಟಿಐ, ಡಿಪ್ಲೊಮಾ ಮುಗಿಸಿ ಟ್ರಂಕು ಹೊತ್ತು ಬೆಂಗಳೂರಿನ ಬಸ್ಸು ಹತ್ತಿದ ಮಧ್ಯ ಕರ್ನಾಟಕದ ಹುಡುಗರಿಗೆ ಎಚ್‌ಎಎಲ್ ಕೆಲಸವೆಂದರೆ ಊರಿನಲ್ಲಿ ಹೆಣ್ಣು ಕೊಡುವವರ ಸಾಲು ನಿಲ್ಲುತ್ತಿದ್ದ ಕಾಲ ಅದು. ವಿಮಾನಪುರ ಎಂಬ ವಿಳಾಸ ಹೊತ್ತ ಇನ್‌ಲ್ಯಾಂಡ್ ಪತ್ರಗಳು ಹಳ್ಳಿ ಹಳ್ಳಿಗೆ ಬರುತ್ತಿದ್ದವು. ವಿಮಾನ ಹತ್ತದವರ ಮನೆಯಲ್ಲೂ ವಿಮಾನದ ಮಾತು ಇದ್ದದ್ದು ಈ ಕಾರಣಕ್ಕೆ.

ಹತ್ತಿದವರ ನೆನಪಿನಲ್ಲಿ ಮೊದಲು ಬರುವುದು ಸದ್ದು. ಡಾರ್ಟ್ ಎಂಜಿನ್ನಿನದು ಗುಡುಗಲ್ಲ. ಕಿವಿಯನ್ನೇ ಕೊರೆಯುವ, ಎಳೆಎಳೆಯಾದ ಕೀರಲು ದನಿ. ಗಾಳಿಯನ್ನು ಅದುಮಲು ಅದು ಬಳಸುತ್ತಿದ್ದ ಹಳೆಯ ಬಗೆಯ ಚಕ್ರವೇ ಆ ದನಿಗೆ ಮೂಲ. ಗಗನಸಖಿ ತಟ್ಟೆಯಲ್ಲಿ ತಂದು ಹಂಚುತ್ತಿದ್ದ ಪೆಪ್ಪರ್‌ಮೆಂಟು, ಅದರ ಜೊತೆಗೊಂದು ಹತ್ತಿಯ ಉಂಡೆ. ಹತ್ತಿ ಕಿವಿಗೆ, ಪೆಪ್ಪರ್‌ಮೆಂಟು ಬಾಯಿಗೆ. ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾದಾಗ ಎಂಜಿನ್ನಿಗೆ ಬಲ ಸಾಲದೆ ಹೋದರೆ ನೀರು–ಮೆಥನಾಲ್ ಮಿಶ್ರಣ ಚಿಮ್ಮಿಸಿ ಮೇಲೇರುವ ವ್ಯವಸ್ಥೆಯೂ ಇತ್ತು. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಇದು ಉಪಯೋಗಕ್ಕೆ ಬರುವಂಥದ್ದೇ.

ಒಳಗೆ ನಲವತ್ತು ಚಿಲ್ಲರೆ ಸೀಟು, ನಡುವೆ ಓಣಿ, ಎರಡೂ ಪಕ್ಕ ದೊಡ್ಡ ದೊಡ್ಡ ಮೊಟ್ಟೆಯಾಕಾರದ ಕಿಟಕಿ. ಈ ಕಿಟಕಿಯೇ ಆವ್ರೋದ ದೊಡ್ಡ ಸಂಪತ್ತು. ರೆಕ್ಕೆ ಒಡಲಿನ ಕೆಳಭಾಗಕ್ಕೆ ಸೇರಿದ್ದರಿಂದ ಅದರ ಮೇಲೆ ಕೂತವರಿಗೆ ರೆಕ್ಕೆಯೇ ಕಾಣಿಸುತ್ತಿತ್ತು. ಅನುಭವಸ್ಥರು ಹಿಂದಿನ ಸಾಲು ಹಿಡಿಯುತ್ತಿದ್ದರು. ಮುಂದಿನ ಸಾಲಿನವರಿಗೆ ಸಿಗುತ್ತಿದ್ದದ್ದು ಬೇರೆಯೇ ನೋಟ: ಇಳಿಯುವ ಹೊತ್ತಿಗೆ ಎಂಜಿನ್ನಿನ ಕೆಳಗಿನ ಉಬ್ಬು ಬಾಯಿ ತೆರೆದು, ಜೋಡಿ ಚಕ್ರ ಹೊರಬಂದು, ಗಾಳಿಗೆ ಒಮ್ಮೆ ನಡುಗಿ ಗಟ್ಟಿಯಾಗಿ ನಿಲ್ಲುವುದು. ನೆಲ ತಾಗಿದಾಗ ಆ ಟೈರಿನಿಂದ ಏಳುವ ಹೊಗೆಯನ್ನೂ ಕೂತಲ್ಲಿಂದಲೇ ನೋಡಬಹುದಿತ್ತು. ಯಂತ್ರ ತನ್ನ ಕೆಲಸವನ್ನು ಪ್ರಯಾಣಿಕನಿಂದ ಬಚ್ಚಿಡದ ಕಾಲ ಅದು. ಇವತ್ತಿನ ವಿಮಾನಗಳಲ್ಲಿ ಕಿಟಕಿಯ ಪರದೆ ಎಳೆದು ಮಲಗುವವರೇ ಹೆಚ್ಚು. ನೋಡಲು ಕೆಳಗೆ ಮೋಡವಲ್ಲದೆ ಇನ್ನೇನೂ ಇಲ್ಲವಾದರೆ ಅವರದೂ ತಪ್ಪಲ್ಲ.

ಆವ್ರೋದ ವೇಗ ಗಂಟೆಗೆ ಸುಮಾರು 450 ಕಿ.ಮೀ. ಹಾರುವ ಎತ್ತರವೂ ಜೆಟ್‌ಗಿಂತ ಎಷ್ಟೋ ಕಡಿಮೆ. ಅಂಥ ಎತ್ತರದಿಂದ ಕೆರೆಯನ್ನು ಕೆರೆಯೆಂದು, ತೋಟವನ್ನು ತೋಟವೆಂದು ಗುರುತಿಸಬಹುದು. ಇದೇ ಜಿಲ್ಲೆಯ ಮೇಲಿನ ನೋಟವನ್ನು ಊಹಿಸಿಕೊಳ್ಳಿ: ಹಿರಿಯೂರು ದಾಟುವಾಗ ಎಡಗಿಟಕಿಯಲ್ಲಿ ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರ, ಅದರಾಚೆ ಹೊಸದುರ್ಗದ ತೆಂಗು, ಇನ್ನಷ್ಟು ಮುಂದೆ ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ತೋಟಗಳ ಕಡುಹಸಿರು ಪಟ್ಟಿ. ಬಲಕ್ಕೆ ತಿರುಗಿದರೆ ದುರ್ಗದ ಬಂಡೆಗಳ ರಾಶಿ. ಜೋಗಿಮಟ್ಟಿಯ ಸಾಲಿನಲ್ಲಿ ಈಗ ನಿಂತಿರುವ ಗಾಳಿಯಂತ್ರಗಳು ಅಂದು ಇರಲಿಲ್ಲ, ಬೋಳು ಗುಡ್ಡಗಳಷ್ಟೇ.

ಕನ್ನಡನಾಡಿಗೆ ಆವ್ರೋ ಹೆಚ್ಚು ಒದಗಿದ್ದು ಕರಾವಳಿಯಲ್ಲಿ. ಮಂಗಳೂರಿನ ಬಜ್ಪೆ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು, ಪ್ರಧಾನಿ ನೆಹರೂ ಡಕೋಟದಲ್ಲಿ ಬಂದಿಳಿಯುವುದರೊಂದಿಗೆ. ಗುಡ್ಡದ ನೆತ್ತಿ ಸಮ ಮಾಡಿ ಹಾಕಿದ ರನ್‌ವೇ ಬರೀ 1600 ಮೀಟರಿನಷ್ಟು. ಎರಡೂ ತುದಿಯಲ್ಲಿ ಕಮರಿ. ಚಿಕ್ಕ ರನ್‌ವೇಯಲ್ಲಿ ಏರಿಳಿಯುವುದಕ್ಕೆಂದೇ ಹುಟ್ಟಿದ ಆವ್ರೋ ಅಲ್ಲಿಗೆ ಹೇಳಿ ಮಾಡಿಸಿದಂತಿತ್ತು. ಬೆಂಗಳೂರಿನಿಂದ ಘಟ್ಟದ ತಿರುವುಗಳಲ್ಲಿ ಬಸ್ಸು ಇಡೀ ರಾತ್ರಿ ಇಳಿಯುತ್ತಿದ್ದ ದಾರಿಯನ್ನು ಅದು ಸುಮಾರು ಒಂದು ಗಂಟೆಯಲ್ಲಿ ದಾಟಿಸುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಆ ಗಂಟೆ ಉದ್ದವೆನಿಸುತ್ತಿತ್ತು. ಸಹ್ಯಾದ್ರಿಯ ಮೋಡಗಳ ಮೇಲೆ ಏರಿ ಹೋಗುವ ಶಕ್ತಿ ಸಾಲದೆ ಅವುಗಳ ನಡುವೆಯೇ ನುಗ್ಗಬೇಕಿತ್ತು. 1981ರ ಆಗಸ್ಟ್ 19ರಂದು ಒದ್ದೆ ರನ್‌ವೇಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ನಿಲ್ಲದೆ ಅಂಚು ದಾಟಿಬಿಟ್ಟಿತು. ಮುಂದೆ ಮುಖ್ಯಮಂತ್ರಿಯಾದ ವೀರಪ್ಪ ಮೊಯ್ಲಿ ಅದರಲ್ಲಿದ್ದರು. ವಿಮಾನ ಮತ್ತೆ ಹಾರಲಾರದಂತೆ ಜಖಂ ಆದರೂ ಒಬ್ಬರ ಪ್ರಾಣವೂ ಹೋಗಲಿಲ್ಲ.

ಇಂಡಿಯನ್ ಏರ್‌ಲೈನ್ಸ್ ಬಿಟ್ಟ ಆವ್ರೋಗಳಲ್ಲಿ ಕೆಲವು 1981ರಲ್ಲಿ ಹುಟ್ಟಿದ ವಾಯುದೂತಕ್ಕೆ ಹೋದವು. ಆ ಸಂಸ್ಥೆಯೂ ಹೆಚ್ಚು ಕಾಲ ಬಾಳಲಿಲ್ಲ. ಟಿಕೆಟ್ ತೆಗೆದು ಆವ್ರೋ ಹತ್ತುವ ಅವಕಾಶ ಅಲ್ಲಿಗೆ ಮುಗಿಯಿತು.

ವಾಯುಪಡೆಯಲ್ಲಿ ಅದರ ಬಾಳು ಉದ್ದ. ಸಾಮಾನು, ಸೈನಿಕರು, ಮಂತ್ರಿಗಳು, ಪ್ಯಾರಾಚೂಟ್ ಕಟ್ಟಿದ ತರಬೇತಿ ಹುಡುಗರು ಎಲ್ಲರನ್ನೂ ಅದು ಹೊತ್ತಿದೆ. ಸಾರಿಗೆ ವಿಮಾನಗಳ ಪೈಲಟ್‌ಗಳನ್ನು ತಯಾರು ಮಾಡುವ ಯಲಹಂಕದಲ್ಲಿ ಎಷ್ಟೋ ತಂಡಗಳು ಕೈ ಪಳಗಿಸಿಕೊಂಡದ್ದು ಇದರ ಮೇಲೆಯೇ. 1991ರ ಮಾರ್ಚ್ 25ರಂದು ಅದೇ ಯಲಹಂಕದಲ್ಲಿ ಆವ್ರೋವೊಂದು ಬಿದ್ದು 28 ಮಂದಿ ತೀರಿಕೊಂಡರು. ಈ ವಿಮಾನದ ಮೇಲಿನ ಪ್ರೀತಿ ಆ ಮನೆಗಳ ದುಃಖವನ್ನು ಮರೆಯುವಂತಿಲ್ಲ.

ಇನ್ನೊಂದು ಅಧ್ಯಾಯ ಚಿತ್ರದುರ್ಗಕ್ಕೆ ಬಳಸು ದಾರಿಯಲ್ಲಿ ಬಂದು ಸೇರುತ್ತದೆ. ಶತ್ರು ವಿಮಾನಗಳನ್ನು ದೂರದಿಂದಲೇ ಪತ್ತೆಹಚ್ಚುವ ‘ಆಕಾಶದ ಕಣ್ಣು’ ಸ್ವದೇಶದಲ್ಲೇ ಆಗಬೇಕೆಂದು ಬೆಂಗಳೂರಿನ ಡಿಆರ್‌ಡಿಒ ಪ್ರಯೋಗಾಲಯದ ವಿಜ್ಞಾನಿಗಳು ಆವ್ರೋ ಒಂದರ ಬೆನ್ನ ಮೇಲೆ ತಟ್ಟೆಯಾಕಾರದ ದೊಡ್ಡ ರೇಡಾರ್ ಗುಮ್ಮಟ ಕೂರಿಸಿದರು. 1999ರ ಜನವರಿ 11ರಂದು ಅರಕ್ಕೋಣಂ ಬಳಿ ಆ ಗುಮ್ಮಟ ಕಳಚಿ ವಿಮಾನ ನೆಲಕ್ಕಪ್ಪಳಿಸಿತು. ಒಳಗಿದ್ದ ಎಂಟೂ ಜನ ಹೋದರು. ಯೋಜನೆ ನಿಂತಿತು, ಕಲಿತದ್ದು ನಿಲ್ಲಲಿಲ್ಲ. ಅದೇ ಪ್ರಯೋಗಾಲಯದಿಂದ ಮುಂದೆ ‘ನೇತ್ರ’ ಎಂಬ ಕಣ್ಗಾವಲು ವಿಮಾನ ಹೊರಬಂತು.

ಇಂಥ ಪ್ರಯೋಗಗಳಿಗೆ ಪ್ರತ್ಯೇಕ ಬಯಲು ಬೇಕೆಂಬ ಮಾತಿಗೆ ಉತ್ತರವಾಗಿ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯ ಎದ್ದಿತು. 2017ರ ಮೇ 28ರಂದು ಅದು ಉದ್ಘಾಟನೆಯಾಯಿತು. ಇಸ್ರೊದ ರೆಕ್ಕೆಯ ರಾಕೆಟ್ ‘ಪುಷ್ಪಕ್’ 2023 ಮತ್ತು 2024ರಲ್ಲಿ ಮೂರು ಸಲ ತಾನಾಗಿ ಬಂದಿಳಿದದ್ದು ಅಲ್ಲೇ. 2023ರ ಆಗಸ್ಟಿನಲ್ಲಿ ‘ತಪಸ್’ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿದ್ದಾಗ ಸುತ್ತಲ ಊರಿನವರು ಓಡಿಬಂದು ನೋಡಿದರು. ನಿಲ್ದಾಣವಿಲ್ಲದ ಜಿಲ್ಲೆ ಹೀಗೆ ವಿಮಾನಗಳ ಜಿಲ್ಲೆಯೂ ಆಗಿಬಿಟ್ಟಿದೆ.

ಆವ್ರೋ ಜಾಗಕ್ಕೆ ಬರುತ್ತಿರುವುದು ಸಿ-295. 2021ರ ಸೆಪ್ಟೆಂಬರಿನಲ್ಲಿ 56 ವಿಮಾನಗಳಿಗೆ ಒಪ್ಪಂದವಾಯಿತು. 16 ಸ್ಪೇನಿನಿಂದ, ಉಳಿದ 40 ಟಾಟಾ ಸಂಸ್ಥೆಯ ವಡೋದರಾ ಕಾರ್ಖಾನೆಯಿಂದ. ಹಿಂಬದಿಯ ಬಾಗಿಲು ತೆರೆದರೆ ಜೀಪೇ ಒಳಗೆ ಹತ್ತಬಹುದು. ಕೆಲಸದಲ್ಲಿ ಹಳೆಯದಕ್ಕಿಂತ ಎಷ್ಟೋ ಮೇಲು, ಬರಬೇಕಾದದ್ದೇ.

ಉಳಿದಿರುವ ಪ್ರಶ್ನೆ, ಇಳಿದ ಆವ್ರೋಗಳನ್ನು ಏನು ಮಾಡುವುದು? ಗುಜರಿಗೆ ಹೋಗುವ ಮೊದಲು ಒಂದನ್ನಾದರೂ ಕರ್ನಾಟಕ ಕೇಳಿ ಪಡೆಯಬೇಕು. ಕಾರವಾರದ ಕಡಲತೀರದಲ್ಲಿ ‘ಚಪಲ್’ ಯುದ್ಧನೌಕೆಯ ಪಕ್ಕ ನೌಕಾಪಡೆಯ ಟುಪೊಲೆವ್ ವಿಮಾನ ನಿಂತಿರುವಂತೆ, ಇದನ್ನು ಚಿತ್ರದುರ್ಗದಲ್ಲಿ ನಿಲ್ಲಿಸಬಹುದು. ಕಂಬದ ಮೇಲೆ ಏರಿಸಿ ದೂರದಿಂದ ತೋರಿಸುವುದು ಬೇಡ. ಬಾಗಿಲು ತೆರೆದಿರಲಿ, ಕೋಟೆ ನೋಡಲು ಬಂದ ಶಾಲಾ ಮಕ್ಕಳು ಮೆಟ್ಟಿಲು ಹತ್ತಿ ಒಳಗೆ ಹೋಗಲಿ, ಕಿಟಕಿ ಪಕ್ಕದ ಸೀಟಿಗೆ ಜಗಳ ಆಡಲಿ. ಬಿಚ್ಚಿ ಲಾರಿಯಲ್ಲಿ ಬಹುದೂರದಿಂದ ಹೇರಿಕೊಂಡು ಬರುವ ಕಷ್ಟವೂ ಇಲ್ಲ: ವರವು ಕಾವಲಿನ ರನ್‌ವೇ ಎರಡು ಕಿಲೋಮೀಟರಿಗೂ ಉದ್ದ, ಬಜ್ಪೆಯ ಹಳೆಯದಕ್ಕಿಂತ ದೊಡ್ಡದು. ಆವ್ರೋ ತಾನೇ ಹಾರಿಬಂದು ಅಲ್ಲಿಳಿಯಬಲ್ಲದು, ಅಲ್ಲಿಂದ ಕೋಟೆಯವರೆಗಿನ ದಾರಿಗಷ್ಟೇ ಲಾರಿ ಬೇಕು.